ನೆಲದ ಬಲ ಸಿಮೆಂಟಿನಲ್ಲಿಲ್ಲ

ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ನಗರಗಳಲ್ಲಿ ಮೂವತ್ತಕ್ಕೆ ನಲವತ್ತು ಅಡಿಯ ನಿವೇಶನದಲ್ಲಿ ಮನೆ ಕಟ್ಟಿಸುವವರು ಮನೆಯನ್ನು ಕಂಬಗಳ ಮೇಲೆ ಎತ್ತಿ, ಅದರಡಿಯ ಜಾಗವನ್ನು ಕಾರು, ಸ್ಕೂಟರುಗಳಿಗೆ ಬಿಡುವುದು ಈಗ ರೂಢಿಯಾಗಿದೆ. ಸ್ಟಿಲ್ಟ್ ಎಂದು ಕರೆಯುವ ಈ ಜಾಗ ಸಾಲದೆಂದು ರಸ್ತೆಯ ಮಟ್ಟಕ್ಕಿಂತ ಕೆಳಗೆ ಅಗೆಸಿ ನೆಲಮಾಳಿಗೆ ಮಾಡಿಸುವವರೂ ಇದ್ದಾರೆ. ಈ ಎರಡೂ ಕಡೆ ಕಾಂಕ್ರೀಟ್ ನೆಲ ಹಾಕಿಸುವಾಗ ಮನೆಯ ಯಜಮಾನರಿಂದ ಹಿಡಿದು ಗುತ್ತಿಗೆದಾರರು, ಮೇಸ್ತ್ರಿಗಳವರೆಗೆ ಬಹುಪಾಲು ಎಲ್ಲರೂ ಒಂದೇ ನಂಬಿಕೆಗೆ ಜೋತುಬಿದ್ದಿರುತ್ತಾರೆ. ನೆಲದ ಗಟ್ಟಿತನವೆಲ್ಲ ಸಿಮೆಂಟಿನಲ್ಲಿದೆ. ಸಿಮೆಂಟು ಹೆಚ್ಚಿದಷ್ಟೂ, ಅದರ ಗ್ರೇಡು ಏರಿದಷ್ಟೂ, ಕಾಂಕ್ರೀಟು ದಪ್ಪವಾದಷ್ಟೂ ನೆಲ ಬಾಳುತ್ತದೆ. ಕೆಳಗಿನ ಮಣ್ಣು ಹೇಗಿದ್ದರೂ ಮೇಲಿನ ಕಾಂಕ್ರೀಟು ಅದನ್ನು ಮುಚ್ಚಿಕೊಂಡು ಹೋಗುತ್ತದೆ ಎಂಬುದೇ ಆ ನಂಬಿಕೆ. ಇದು ಅರ್ಧ ಸತ್ಯವೂ ಅಲ್ಲ, ಬುಡದಲ್ಲೇ ತಪ್ಪು. ಈ ತಪ್ಪಿನಿಂದಾಗಿಯೇ ಲಕ್ಷಾಂತರ ರೂಪಾಯಿ ಸುರಿದು ಕಟ್ಟಿಸಿದ ಮನೆಗಳ ನೆಲಗಳು ಎರಡು ಮಳೆಗಾಲ ಕಳೆಯುವುದರೊಳಗೆ ಬಿರುಕು ಬಿಟ್ಟು, ಪುಡಿ ಉದುರಿಸಿ, ತೇವ ಒಸರಿಸುತ್ತಿವೆ.

ಈ ನಂಬಿಕೆ ಹುಟ್ಟಿದ್ದಕ್ಕೆ ಕಾರಣವಿಲ್ಲದಿಲ್ಲ. ಮಣ್ಣಿನ ಗೋಡೆ, ಸುಣ್ಣದ ಗಾರೆಗಳ ಕಾಲದಿಂದ ಕಾಂಕ್ರೀಟಿನ ಕಾಲಕ್ಕೆ ಬಂದ ಜನ, ತಲೆಯ ಮೇಲಿನ ತಾರಸಿ ಗಾಳಿಯಲ್ಲಿ ನಿಂತು ಅಷ್ಟೊಂದು ಭಾರ ಹೊರುವುದನ್ನು ದಿನವೂ ಕಾಣುತ್ತಾರೆ. ಗಾಳಿಯ ಮೇಲೆ ನಿಲ್ಲುವ ಕಾಂಕ್ರೀಟು ಮಣ್ಣಿನ ಮೇಲೆ ನಿಲ್ಲದೇ ಹೋದೀತೆ ಎಂಬ ತರ್ಕ ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಆದರೆ ತಾರಸಿ ಭಾರ ಹೊರುವುದು ಅದರೊಳಗೆ ಲೆಕ್ಕಹಾಕಿ ಕೂರಿಸಿದ ಕಬ್ಬಿಣದ ಕಂಬಿಗಳಿಂದ ಮತ್ತು ಅದನ್ನು ಹಿಡಿದಿರುವ ತೊಲೆ, ಕಂಬಗಳಿಂದ. ಮಣ್ಣಿನ ಮೇಲೆ ಹಾಸಿದ ನೆಲಕ್ಕೆ ಅಂಥ ಯಾವ ವ್ಯವಸ್ಥೆಯೂ ಇರುವುದಿಲ್ಲ. ಅದು ತನ್ನ ಮೇಲಿನ ಭಾರವನ್ನು ಹಂಚಿ ಕೆಳಗಿನ ಮಣ್ಣಿಗೆ ಒಪ್ಪಿಸುತ್ತದೆಯೇ ಹೊರತು ತಾನೇ ಹೊತ್ತು ನಿಲ್ಲುವುದಿಲ್ಲ. ತಾರಸಿಯನ್ನು ನೋಡಿ ನೆಲವನ್ನು ಅಳೆಯುವುದು ಸೇತುವೆಯನ್ನು ನೋಡಿ ಚಾಪೆಯನ್ನು ಅಳೆದಂತೆ.

ಈ ಮಾತನ್ನು ಒಂದು ಸರಳ ಲೆಕ್ಕವೇ ಸಾಬೀತುಪಡಿಸುತ್ತದೆ. ಸಾಮಾನ್ಯ ಕಾರಿನ ಟೈರಿನೊಳಗಿನ ಗಾಳಿಯ ಒತ್ತಡ 32 ಪಿಎಸ್‌ಐ ಆಸುಪಾಸಿನಲ್ಲಿರುತ್ತದೆ. ಟೈರು ನೆಲವನ್ನು ಒತ್ತುವುದೂ ಸುಮಾರು ಅಷ್ಟೇ ಒತ್ತಡದಿಂದ, ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 2.25 ಕಿಲೋಗ್ರಾಮಿನಷ್ಟು. ಮನೆಗೆ ಸಾಮಾನ್ಯವಾಗಿ ಬಳಸುವ ಎಂ-20 ಕಾಂಕ್ರೀಟು, ಅಂದರೆ ಹಾಕಿದ 28 ದಿನಗಳ ಹೊತ್ತಿಗೆ ಪ್ರತಿ ಚದರ ಮಿಲಿಮೀಟರಿಗೆ 20 ನ್ಯೂಟನ್ ಒತ್ತಡ ತಾಳಬಲ್ಲ ಮಿಶ್ರಣವು, ಅದೇ ಚದರ ಸೆಂಟಿಮೀಟರಿನಲ್ಲಿ ಸುಮಾರು 200 ಕಿಲೋಗ್ರಾಮ್ ಹೊರುತ್ತದೆ. ಟೈರು ಕೇಳುವುದಕ್ಕಿಂತ ಹೆಚ್ಚುಕಡಿಮೆ ತೊಂಬತ್ತು ಪಟ್ಟು ಬಲ ಆಗಲೇ ಕಾಂಕ್ರೀಟಿನಲ್ಲಿದೆ ಎಂದಾಯಿತು. ಹಾಗಾದರೆ ಕಾರಿನ ಭಾರಕ್ಕೆ ನೆಲ ಒಡೆಯಿತು ಎಂಬ ಮಾತಿಗೆ ಅರ್ಥವೇನು? ಕಾರಿನ ಒತ್ತಡದಿಂದ ಜಜ್ಜಿಹೋದ ನೆಲ ಯಾವ ಮನೆಯಲ್ಲೂ ಸಿಗಲಾರದು; ಕಾರಿನ ಭಾರಕ್ಕೆ ಒಡೆದ ನೆಲವೆಲ್ಲ ಬಾಗಿ ಒಡೆದದ್ದು. ಕಾಂಕ್ರೀಟು ಒತ್ತಡದಲ್ಲಿ ಬಲಶಾಲಿಯಾದರೂ ಎಳೆತದಲ್ಲಿ, ಅಂದರೆ ಜಗ್ಗುವ ಬಲದ ಎದುರಿನಲ್ಲಿ, ಅದರ ಹತ್ತನೆಯ ಒಂದು ಭಾಗದಷ್ಟು ಮಾತ್ರ ಗಟ್ಟಿ. ಕೆಳಗೆ ಟೊಳ್ಳಿದ್ದಲ್ಲಿ ಹಾಸು ಬಾಗುತ್ತದೆ, ಬಾಗಿದಾಗ ಅದರ ತಳ ಜಗ್ಗುತ್ತದೆ, ಜಗ್ಗಿದಲ್ಲಿ ಸೀಳುತ್ತದೆ. ಕೊರತೆ ಇರುವುದು ಆಸರೆಯಲ್ಲಿ. ಅದನ್ನು ಸಿಮೆಂಟಿನ ಮೂಟೆ ತುಂಬಿಕೊಡಲಾರದು.

ಆ ಆಸರೆ ಹೇಗೆ ತಪ್ಪಿಹೋಗುತ್ತದೆಂಬುದನ್ನು ಯಾವ ಸ್ಟಿಲ್ಟಿನಲ್ಲಾದರೂ ಹತ್ತಿರದಿಂದ ನೋಡಬಹುದು. ಕಂಬಗಳ ಅಡಿಪಾಯಕ್ಕೆಂದು ಐದಾರು ಅಡಿ ಆಳದ ಗುಂಡಿಗಳನ್ನು ತೋಡಲಾಗುತ್ತದೆ. ಕಂಬ ಎದ್ದ ಮೇಲೆ ಗುಂಡಿಗೆ ಅಗೆದ ಮಣ್ಣನ್ನೇ ತಳ್ಳಲಾಗುತ್ತದೆ, ಅದು ಸಾಲದಿದ್ದರೆ ಒಡೆದ ಇಟ್ಟಿಗೆ, ಉಳಿದ ಗಾರೆ, ಸಿಮೆಂಟಿನ ಖಾಲಿ ಚೀಲ, ಸೆಂಟ್ರಿಂಗಿನ ಮರದ ತುಂಡುಗಳೂ ಅದರೊಳಗೇ ಹೋಗುತ್ತವೆ. ಸಂಪು, ಅಂದರೆ ನೆಲದಡಿಯ ನೀರಿನ ತೊಟ್ಟಿಯ ಸುತ್ತಲಿನ ಜಾಗಕ್ಕೂ, ಒಳಚರಂಡಿ ಕೊಳವೆ ಹಾಯುವ ಕಾಲುವೆಗೂ ಇದೇ ಗತಿ. ಹೀಗೆ ಸಡಿಲವಾಗಿ ತುಂಬಿದ ಮಣ್ಣಿನ ಮೇಲೆ ಒಂದೆರಡು ಬಾರಿ ನೀರು ಹಾಯಿಸಿ, ಕಾಲಲ್ಲಿ ತುಳಿದು, ಮೇಲೆ ಬೆಡ್ ಕಾಂಕ್ರೀಟು ಹಾಕಿದರೆ ಕೆಲಸ ಮುಗಿಯಿತು. ಒಂದು ವರ್ಷದಲ್ಲಿ ಮಣ್ಣು ಕುಸಿದು ಕೂರುತ್ತದೆ, ಹಾಸು ಮಾತ್ರ ಮೇಲೆಯೇ ತೂಗುತ್ತಿರುತ್ತದೆ. ಆ ಜಾಗದಲ್ಲಿ ಕಬ್ಬಿಣದ ಸಲಾಕೆಯಿಂದ ತಟ್ಟಿದರೆ ಖಾಲಿ ಕೊಡದಂಥ ಸದ್ದು ಕೇಳುತ್ತದೆ. ಬಿರುಕಿನ ಜಾಡು ಹಿಡಿದು ನಡೆದರೆ ಅದು ಬಹಳಷ್ಟು ಸಲ ಕಂಬದ ಮೂಲೆಯಿಂದ ಹೊರಡುತ್ತದೆ, ಇಲ್ಲವೆ ಕೊಳವೆಯ ಹಾದಿಯನ್ನೇ ಅನುಸರಿಸುತ್ತದೆ, ಇಲ್ಲವೆ ಸಂಪಿನ ಅಂಚಿಗೆ ಸಮನಾಗಿ ಓಡುತ್ತದೆ. ನೆಲದಡಿ ಎಲ್ಲೆಲ್ಲಿ ಅಗೆದು ಮುಚ್ಚಲಾಗಿದೆ ಎಂಬುದರ ನಕ್ಷೆಯೇ ನೆಲದ ಮೇಲೆ ಮೂಡಿರುತ್ತದೆ. ಇಷ್ಟು ಸ್ಪಷ್ಟವಾದ ಸಾಕ್ಷಿಯನ್ನು ಕಣ್ಣೆದುರಿಗಿಟ್ಟುಕೊಂಡೂ ಸಿಮೆಂಟು ಕಡಿಮೆಯಾಯಿತೆಂದು ದೂರುವುದು ಕುರುಡುತನ.

ಮಾಡಬೇಕಾದದ್ದು ಗುಟ್ಟಿನ ವಿದ್ಯೆಯಲ್ಲ. ತುಂಬುವ ಮಣ್ಣನ್ನು ಒಂದೇ ಸಲ ಸುರಿಯದೆ 15 ರಿಂದ 20 ಸೆಂಟಿಮೀಟರಿನ ಪದರಗಳಾಗಿ ಹರಡಿ, ಪ್ರತಿ ಪದರಕ್ಕೂ ಹದವಾಗಿ ನೀರು ಚಿಮುಕಿಸಿ, ದಿಮ್ಮಸಿನಿಂದಲೋ ಕಂಪಿಸುವ ಯಂತ್ರದಿಂದಲೋ ಬಡಿದು ಗಟ್ಟಿಮಾಡಿ, ಅದರ ಮೇಲೆ ಜಲ್ಲಿಯ ಹಾಸನ್ನು ಹಾಕಿ ಅದನ್ನೂ ಅದುಮಬೇಕು. ಹದ ಎಂಬ ಮಾತೇ ಇಲ್ಲಿ ಮುಖ್ಯ: ಮಣ್ಣು ತೀರಾ ಒಣಗಿದ್ದರೆ ಕಣಗಳು ಒಂದನ್ನೊಂದು ತಬ್ಬುವುದಿಲ್ಲ, ತೀರಾ ನೆನೆದಿದ್ದರೆ ನೀರೇ ಕಣಗಳ ನಡುವಿನ ಜಾಗ ಹಿಡಿದು ಬಡಿತವನ್ನು ನುಂಗಿಬಿಡುತ್ತದೆ. ಕರ್ನಾಟಕದ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸುಗ್ಗಿಗೆ ಮುನ್ನ ಕಣ ಮಾಡುವಾಗ ನೆಲ ಕೆರೆದು, ನೀರು ಚಿಮುಕಿಸಿ, ಗುಂಡು ಉರುಳಿಸಿ, ಆಮೇಲೆ ಸಗಣಿ ಸಾರಿಸುವ ಕ್ರಮದಲ್ಲಿ ಬಲವೆಲ್ಲ ಇರುವುದು ಗುಂಡು ಉರುಳಿಸುವುದರಲ್ಲಿ, ಸಾರಣೆ ಕೇವಲ ಮೇಲ್ಪದರ. ಹಳೆಯ ಗಾರೆ ನೆಲಗಳನ್ನು ಹಾಕುತ್ತಿದ್ದವರೂ ದಿನಗಟ್ಟಲೆ ಬಡಿಯುತ್ತಿದ್ದರು. ಸುಣ್ಣ ಕಾಂಕ್ರೀಟಿಗಿಂತ ದುರ್ಬಲವಾದ ವಸ್ತುವೇ. ಆ ದೌರ್ಬಲ್ಯವನ್ನು ಬಲ್ಲವರಾದ್ದರಿಂದ ಅವರು ತಳವನ್ನು ಗಟ್ಟಿಮಾಡಿಕೊಳ್ಳುತ್ತಿದ್ದರು. ಸಿಮೆಂಟು ಕೊಟ್ಟ ಅತಿವಿಶ್ವಾಸದಲ್ಲಿ ಕಳೆದುಹೋದದ್ದು ಆ ಎಚ್ಚರ.

ದಪ್ಪ ಹೆಚ್ಚಿಸಿದರೆ ಸಾಲದೆ ಎಂಬ ವಾದಕ್ಕೆ ಉತ್ತರ ಕೊಡುವಾಗ ನ್ಯಾಯವಾಗಿ ಒಪ್ಪಬೇಕಾದ ಒಂದು ಅಂಶವಿದೆ. ಹಾಸಿನ ಬಾಗುಬಲ ದಪ್ಪದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 100 ಮಿಲಿಮೀಟರಿನ ಹಾಸನ್ನು 150 ಕ್ಕೆ ಏರಿಸಿದರೆ ಬಾಗುಬಲ ಎರಡೂಕಾಲು ಪಟ್ಟಾಗುತ್ತದೆ. ಆದರೆ ಅದಕ್ಕೆ ತೆರುವ ಬೆಲೆಯನ್ನೂ ನೋಡಬೇಕು. 600 ಚದರ ಅಡಿಯ, ಅಂದರೆ ಸುಮಾರು 56 ಚದರ ಮೀಟರಿನ ನೆಲಕ್ಕೆ ಆ ಹೆಚ್ಚುವರಿ 50 ಮಿಲಿಮೀಟರಿಗೆಂದು 2.8 ಘನಮೀಟರ್ ಕಾಂಕ್ರೀಟು, ಅಂದರೆ ಎಂ-20 ಮಿಶ್ರಣದ ಲೆಕ್ಕದಲ್ಲಿ ಇಪ್ಪತ್ತೆರಡು ಮೂಟೆ ಸಿಮೆಂಟು, ಅದಕ್ಕೆ ತಕ್ಕ ಮರಳು, ಜಲ್ಲಿ ಬೇಕು. ಅದೇ ನೆಲದ ತಳವನ್ನು ಗಟ್ಟಿಮಾಡಲು ಬೇಕಾದದ್ದು ಬಾಡಿಗೆಯ ಯಂತ್ರ ಮತ್ತು ಒಂದೆರಡು ದಿನದ ಕೂಲಿ. ದಪ್ಪಕ್ಕೆ ಅಷ್ಟು ತೆತ್ತರೂ ಮಣ್ಣು ಕೂರುವುದು ನಿಲ್ಲುವುದಿಲ್ಲ. ಟೊಳ್ಳು ಅಗಲವಾಗುತ್ತ ಹೋದಂತೆ ದಪ್ಪ ಹಾಸೂ ಒಂದು ದಿನ ಸೋಲುತ್ತದೆ. ಗಟ್ಟಿಯಾದ ತಳದ ಮೇಲೆ ಕಾರುಗಳಿಗೆ 100 ಮಿಲಿಮೀಟರ್ ಧಾರಾಳವಾಗಿ ಸಾಕು.

ಉತ್ತರ ಕರ್ನಾಟಕದ ಎರೆ ಮಣ್ಣಿನ ಮೇಲಂತೂ ದಪ್ಪದ ವಾದ ನಿಲ್ಲುವುದೇ ಇಲ್ಲ. ವಿಜಯಪುರ, ಗದಗ, ರಾಯಚೂರು, ಕಲಬುರಗಿ ಸೀಮೆಯ ಕಪ್ಪು ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಸೀಳು ಬಿಡುತ್ತದೆ. ಉಬ್ಬುವ ಮಣ್ಣು ನೆಲವನ್ನು ಕೆಳಗಿನಿಂದ ಎತ್ತುತ್ತದೆ. ಮನೆಯ ಗೋಡೆಯನ್ನೇ ಸೀಳಬಲ್ಲ ಆ ಬಲದೆದುರು ಎರಡಂಗುಲ ಹೆಚ್ಚಿನ ಕಾಂಕ್ರೀಟು ಯಾವ ಲೆಕ್ಕ? ಐಐಟಿ ಬಾಂಬೆಯ ಆರ್. ಕೆ. ಕಟ್ಟಿ ಅವರು ಇಂಥ ಮಣ್ಣಿಗೆ ತೋರಿಸಿದ ದಾರಿ ಬೇರೆಯೇ: ಉಬ್ಬದಿರುವ, ಆದರೆ ಅಂಟುಗುಣವುಳ್ಳ ಮಣ್ಣಿನ ಪದರವನ್ನು ಎರೆ ಮಣ್ಣಿನ ಮೇಲೆ ಹಾಸಿ ಗಟ್ಟಿಮಾಡಿದರೆ ಕೆಳಗಿನ ಉಬ್ಬರ ತಣಿಯುತ್ತದೆ. ಸಿಎನ್‌ಎಸ್ ಎಂದು ಹೆಸರಾದ ಈ ವಿಧಾನವೂ ಪರಿಹಾರವನ್ನು ಕಾಂಕ್ರೀಟಿನ ಕೆಳಗೇ ಹುಡುಕುತ್ತದೆ.

ನೆಲಮಾಳಿಗೆಗೆ ಬಂದರೆ ಪ್ರಚಲಿತ ನಂಬಿಕೆಯ ಪೊಳ್ಳುತನ ಇನ್ನಷ್ಟು ಬಯಲಾಗುತ್ತದೆ. ಸಾವಿರ ಅಡಿ ಕೊರೆದರೂ ಬೋರ್‌ವೆಲ್ಲಿಗೆ ನೀರು ಸಿಗದ ಊರಿನಲ್ಲಿ ಹತ್ತಡಿ ಆಳದ ನೆಲಮಾಳಿಗೆಗೆ ನೀರೆಲ್ಲಿಂದ ಬಂದೀತು ಎಂದು ಬೆಂಗಳೂರಿನಲ್ಲಿ ವಾದಿಸುವವರಿದ್ದಾರೆ. ಇದು ಎರಡು ಬೇರೆ ನೀರುಗಳನ್ನು ಒಂದೆಂದು ಎಣಿಸಿದ್ದರ ಫಲ. ಬೋರ್‌ವೆಲ್ಲಿನ ನೀರು ಗಟ್ಟಿಬಂಡೆಯ ಬಿರುಕುಗಳಲ್ಲಿ ಆಳದಲ್ಲಿರುವುದು. ಮಳೆಯ ನೀರು, ಸೋರುವ ಕೊಳವೆಗಳ ನೀರು ಬಂಡೆಯ ಮೇಲಿನ ಶಿಥಿಲ ಪದರದಲ್ಲಿ ಕೆಲವೇ ಅಡಿ ಕೆಳಗೆ ತಂಗುವುದು. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವೂ ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವೂ ಎದ್ದಿರುವ ಊರಿನಲ್ಲಿ ಮೇಲ್ಮೈ ನೀರು ತನ್ನ ಹಳೆಯ ತಗ್ಗುಗಳನ್ನು ಮರೆತಿರುತ್ತದೆಂದು ಭಾವಿಸುವುದು ಹೊಣೆಗೇಡಿತನ.

ಆ ನೀರಿನ ಬಲವನ್ನೂ ಲೆಕ್ಕದಲ್ಲೇ ನೋಡಬಹುದು. ಹೊರಗಿನ ಮಣ್ಣಿನಲ್ಲಿ ನೀರು ನೆಲದ ತಳಕ್ಕಿಂತ ಒಂದು ಮೀಟರ್ ಮೇಲಕ್ಕೆ ನಿಂತರೆ, ಅದು ಹಾಸಿನ ಪ್ರತಿ ಚದರ ಮೀಟರನ್ನು ಒಂದು ಟನ್ ಬಲದಿಂದ ಮೇಲಕ್ಕೆ ತಳ್ಳುತ್ತದೆ. 100 ಮಿಲಿಮೀಟರ್ ದಪ್ಪದ ಕಾಂಕ್ರೀಟಿನ ತೂಕ ಅದೇ ಚದರ ಮೀಟರಿಗೆ 240 ಕಿಲೋಗ್ರಾಮ್ ಮಾತ್ರ. ಎಂದರೆ ನೀರು ಒಂದು ಗೇಣಿಗಿಂತ ತುಸು ಹೆಚ್ಚು ಏರಿದರೂ ಸಾಕು, ಹಾಸಿನ ತೂಕ ಸೋಲುತ್ತದೆ. ಇದಕ್ಕೆ ಉತ್ತರ ನೀರಿಗೆ ದಾರಿ ಕೊಡುವುದು. ನೆಲದಡಿ ಒಂದೇ ಗಾತ್ರದ ಜಲ್ಲಿಯ ಪದರ, ಅದರೊಳಗೆ ತೂತುಗಳುಳ್ಳ ಕೊಳವೆ, ಕೊಳವೆಯ ತುದಿಗೆ ಒಂದು ಗುಂಡಿ, ಗುಂಡಿಗೊಂದು ಪಂಪು ಇದ್ದರೆ ಒತ್ತಡ ಕಟ್ಟಿಕೊಳ್ಳುವ ಮುನ್ನವೇ ನೀರು ಹೊರಹೋಗುತ್ತದೆ. ನೀರು ವರ್ಷವಿಡೀ ನಿಲ್ಲುವ ಜಾಗವಾದರೆ ನೆಲವನ್ನು ಗೋಡೆ, ಕಂಬಗಳೊಡನೆ ಬೆಸೆದ ಕಂಬಿಯ ಹಾಸಾಗಿಯೇ ಎಂಜಿನಿಯರರಿಂದ ಲೆಕ್ಕಹಾಕಿಸಿ, ಅದರಡಿಯಲ್ಲೂ ಗೋಡೆಗಳ ಹೊರಮೈಯಲ್ಲೂ ನೀರುತಡೆ ಮಾಡಿಸಬೇಕು. ಕಲಬುರಗಿ ಜಿಲ್ಲೆಯ ಶಹಾಬಾದಿನ ಒರಟು ಕಲ್ಲುಹಾಸನ್ನು ಬಳಸಿ ಮಾಡುವ, ಬಾಕ್ಸ್ ಎಂದು ಹೆಸರಾದ ನೀರುತಡೆ ಅಂಥದ್ದು. ಇವೆರಡನ್ನೂ ಬಿಟ್ಟು, ತೇವ ಕಂಡ ಮೇಲೆ ಒಳಗಿನಿಂದ ರಾಸಾಯನಿಕ ಬಳಿಯುವವರು, ಎಪಾಕ್ಸಿ ಬಣ್ಣ ಹೊಡೆಸುವವರು ಕೆಳಗಿನಿಂದ ತಳ್ಳುವ ನೀರಿಗೆ ಮೇಲಿನಿಂದ ಸಿಪ್ಪೆ ಅಂಟಿಸುತ್ತಾರೆ. ಅದು ಗುಳ್ಳೆಯೆದ್ದು ಕಿತ್ತುಬರುತ್ತದೆ. ಮೇಲೆ ಥಳುಕು, ಒಳಗೆ ಹುಳುಕು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ನೀರು ನಿಲ್ಲದ ಕಡೆಯೂ ತೇವವಿರುತ್ತದೆ. ಕಾಂಕ್ರೀಟಿನೊಳಗಿನ ಕೂದಲೆಳೆಗಿಂತ ಸಣ್ಣ ರಂಧ್ರಗಳು ದೀಪದ ಬತ್ತಿ ಎಣ್ಣೆ ಹೀರುವಂತೆ ಮಣ್ಣಿನ ತೇವವನ್ನು ಮೇಲಕ್ಕೆ ಹೀರುತ್ತವೆ. ಅದರೊಡನೆ ಬಂದ ಲವಣ ಮೇಲ್ಮೈಯಲ್ಲಿ ಬಿಳಿ ಪುಡಿಯಾಗಿ ಒಡೆಯುತ್ತದೆ. ಇದನ್ನು ತಡೆಯಲು ಕಾಂಕ್ರೀಟಿಗೂ ಮಣ್ಣಿಗೂ ನಡುವೆ 250 ಮೈಕ್ರಾನ್ ದಪ್ಪದ ಪಾಲಿಥೀನ್ ಹಾಳೆಯನ್ನು, ಅಂಚುಗಳು ಒಂದರ ಮೇಲೊಂದು ಬರುವಂತೆ ಹಾಸಿ, ಬೆಸುಗೆಗಳಿಗೆ ಅಂಟುಪಟ್ಟಿ ಹಚ್ಚಿದರೆ ಸಾಕು. ಇಡೀ ಕೆಲಸದಲ್ಲಿ ಇಷ್ಟು ಅಗ್ಗದ, ಇಷ್ಟು ಫಲಕೊಡುವ ಇನ್ನೊಂದು ವಸ್ತುವಿಲ್ಲ. ಬಿಟ್ಟುಹೋಗುವುದೂ ಬಹುಪಾಲು ಇದೇ. ಈಗಾಗಲೇ ಹಾಕಿದ ನೆಲದಲ್ಲಿ ಅನುಮಾನವಿದ್ದರೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ನೆಲಕ್ಕೆ ಅಂಟಿಸಿ ಒಂದು ರಾತ್ರಿ ಬಿಟ್ಟು ಬೆಳಗ್ಗೆ ತೆಗೆದು ನೋಡಬಹುದು: ಹಾಳೆಯ ಒಳಮೈ ಬೆವರಿದ್ದರೆ, ಕೆಳಗಿನ ನೆಲ ಕಪ್ಪಿಟ್ಟಿದ್ದರೆ, ತೇವ ಬರುತ್ತಿರುವುದು ನೆಲದಡಿಯಿಂದ.

ಇನ್ನು ಸಿಮೆಂಟಿನ ವಿಷಯ. 53 ಗ್ರೇಡ್ ಎಂಬುದು ಆ ಸಿಮೆಂಟನ್ನು ಪ್ರಮಾಣೀಕೃತ ಮರಳಿನೊಡನೆ ಕಲಸಿ ಮಾಡಿದ ಘನವು 28 ದಿನಕ್ಕೆ ತಾಳುವ ಒತ್ತಡದ ಅಂಕಿ. ಅದು ಪ್ರಯೋಗಾಲಯದ ಗಾರೆಯ ಮಾತು, ಮನೆಯ ನೆಲದ ಮಾತಲ್ಲ. ಕಾಂಕ್ರೀಟಿನ ಬಲವನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಸಿಮೆಂಟಿಗೆ ಬೆರೆಸಿದ ನೀರಿನ ಪ್ರಮಾಣವೆಂದು ಅಮೆರಿಕದ ಡಫ್ ಏಬ್ರಮ್ಸ್ 1918 ರಲ್ಲೇ ತೋರಿಸಿಕೊಟ್ಟಿದ್ದಾರೆ. ನೀರು ಹೆಚ್ಚಿದಷ್ಟೂ ಬಲ ಇಳಿಯುತ್ತದೆ. ಕಾಂಕ್ರೀಟಿಗೆ ಸಂಬಂಧಿಸಿದ ಭಾರತೀಯ ಸಂಹಿತೆ ಐಎಸ್ 456 ಸೌಮ್ಯ ಪರಿಸರದಲ್ಲಿ ಕಂಬಿಯಿಲ್ಲದ ಕಾಂಕ್ರೀಟಿಗೆ 0.60, ಕಂಬಿಯಿರುವುದಕ್ಕೆ 0.55 ಎಂದು ನೀರು-ಸಿಮೆಂಟಿನ ತೂಕದ ಅನುಪಾತಕ್ಕೆ ಮೇಲ್ಮಿತಿ ಹಾಕಿದೆ. 50 ಕಿಲೋಗ್ರಾಮಿನ ಮೂಟೆಗೆ 25 ಲೀಟರ್ ನೀರು ಹಾಕಿದರೆ ಅನುಪಾತ 0.50, ಕಲಸು ಬಿಗಿಯಾಗಿದೆ, ಹರಡಲು ಬರುತ್ತಿಲ್ಲ ಎಂದು ಮತ್ತೊಂದು ಬಕೆಟ್ಟಿನಿಂದ 10 ಲೀಟರ್ ಸುರಿದರೆ ಅದು 0.70 ಕ್ಕೆ ಏರುತ್ತದೆ. ಕಲ್ಲು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡಿನ ಕಣಗಳು ಹೊಳೆಮರಳಿನಂತೆ ದುಂಡಗಿರದೆ ಚೂಪಾಗಿರುವುದರಿಂದ ನೀರು ಸುರಿಯುವ ಈ ಆಸೆ ಇನ್ನೂ ಹೆಚ್ಚು. ನಲವತ್ತೈದು ಮೂಟೆ ಹಿಡಿಯುವ ನೆಲದಲ್ಲಿ ಹೀಗೆ 450 ಲೀಟರ್ ಹೆಚ್ಚುವರಿ ನೀರು ಸೇರುತ್ತದೆ. ಸಿಮೆಂಟಿನೊಡನೆ ಬೆರೆಯಲು ಕೆಲಸವಿಲ್ಲದ ಆ ನೀರು ಆರಿಹೋಗುವಾಗ ತಾನು ಕೂತಿದ್ದ ಜಾಗವನ್ನೆಲ್ಲ ರಂಧ್ರವಾಗಿ ಬಿಟ್ಟುಹೋಗುತ್ತದೆ. ಹೆಚ್ಚು ಸಿಮೆಂಟು ಹಾಕಿ ಹೆಚ್ಚು ನೀರು ಸುರಿದವರು ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವುದಷ್ಟೇ ಅಲ್ಲ, ಮೊದಲಿಗಿಂತ ಹೆಚ್ಚು ಕುಗ್ಗುವ ನೆಲವನ್ನೂ ಪಡೆಯುತ್ತಾರೆ. ಏಕೆಂದರೆ ಕಾಂಕ್ರೀಟಿನಲ್ಲಿ ಕುಗ್ಗುವುದು ಸಿಮೆಂಟು, ನೀರುಗಳ ಲೇಪವೇ ಹೊರತು ಜಲ್ಲಿಯಲ್ಲ. ಮೇಲ್ಮೈಗೆ ಉಕ್ಕಿಬಂದ ನೀರಿನ ಮೇಲೆ ಒಣ ಸಿಮೆಂಟು ಉದುರಿಸಿ ಕರಣೆಯಿಂದ ಉಜ್ಜಿ ಹೊಳಪು ಬರಿಸುವ ಪದ್ಧತಿಯೂ ಇದೇ ನಂಬಿಕೆಯ ಕೂಸು: ಆ ಹೊಳಪಿನ ಸಿಪ್ಪೆ ಒಡಲಿಗೆ ಬೆಸೆದುಕೊಳ್ಳದೆ, ಟೈರುಗಳು ತಿರುಗುವಲ್ಲಿ ಮೊದಲು ಪುಡಿಯಾಗಿ ಏಳುತ್ತದೆ.

ಕಾಂಕ್ರೀಟೆಂದ ಮೇಲೆ ಬಿರುಕು ಸಹಜವೇ ಎಂಬ ಸಮಾಧಾನದ ಮಾತೂ ಇದೆ. ಕುಗ್ಗುವುದು ಸಹಜ ನಿಜ. 10 ಮೀಟರ್ ಉದ್ದದ ಹಾಸು ಆರಿದಾಗ ನಾಲ್ಕೈದು ಮಿಲಿಮೀಟರ್ ಕುಗ್ಗುತ್ತದೆ. ಆದರೆ ಆ ಬಿರುಕು ಎಲ್ಲಿ ಬೀಳಬೇಕೆಂಬುದು ಮನುಷ್ಯರ ಕೈಯಲ್ಲಿದೆ. 100 ಮಿಲಿಮೀಟರಿನ ಹಾಸಿಗೆ ಸುಮಾರು ಮೂರು ಮೀಟರಿಗೊಂದರಂತೆ, ದಪ್ಪದ ಕಾಲುಭಾಗ ಆಳಕ್ಕೆ, ಮರುದಿನದೊಳಗೆ ಗೀರು ಕೊಯ್ದರೆ ಬಿರುಕು ಆ ನೇರ ಗೀರಿನಡಿಯಲ್ಲೇ ಅಡಗಿ ಬೀಳುತ್ತದೆ. ಕಂಬ, ಗೋಡೆಗಳ ಸುತ್ತ ಮೆತ್ತನೆಯ ಪಟ್ಟಿಯಿಟ್ಟು ನೆಲವನ್ನು ಬಿಡಿಸಿದರೆ ಕಂಬ ಒಂದು ರೀತಿ, ನೆಲ ಇನ್ನೊಂದು ರೀತಿ ಕದಲಿದರೂ ಮೂಲೆ ಸೀಳುವುದಿಲ್ಲ. ಗೀರಿನ ಬದಲು ಕಂಬಿಯ ಜಾಲರಿ ಹಾಕಿದರಾಯಿತು ಎನ್ನುವವರು ತಿಳಿಯಬೇಕಾದದ್ದು, ಜಾಲರಿ ಬಿರುಕನ್ನು ತಡೆಯುವುದಿಲ್ಲ, ಬಿದ್ದ ಬಿರುಕು ಬಾಯಿ ಬಿಡದಂತೆ ಹಿಡಿಯುತ್ತದೆ. ಅದಕ್ಕೂ ಅದು ಹಾಸಿನ ಮೇಲಿನ ಮೂರನೆಯ ಒಂದು ಭಾಗದಲ್ಲಿರಬೇಕು. ಮಣ್ಣಿನ ಮೇಲೇ ಹಾಸಿ, ಮೇಲೆ ಕಾಂಕ್ರೀಟು ಸುರಿದ ಜಾಲರಿ ಹೂತುಹಾಕಿದ ಹಣ.

ಕಡೆಯದಾಗಿ ನೀರುಣಿಸುವುದು, ಅಂದರೆ ಕ್ಯೂರಿಂಗ್. ಕಲಸುವಾಗ ಧಾರಾಳವಾಗಿ ಸುರಿದ ನೀರನ್ನು ಹಾಕಿದ ಮೇಲೆ ಜಿಪುಣತನದಿಂದ ಚಿಮುಕಿಸುವುದು ಈ ಕಸುಬಿನ ದೊಡ್ಡ ವಿಪರ್ಯಾಸ. ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಪಿಪಿಸಿಯಂಥ ಸಿಮೆಂಟಿಗೂ ಬಿಸಿ ಒಣಹವೆಗೂ ಕನಿಷ್ಠ 10 ದಿನ ಮೇಲ್ಮೈ ತೇವವಾಗಿರಬೇಕೆಂದು ಐಎಸ್ 456 ಹೇಳುತ್ತದೆ. ತಾರಸಿಗೆ ಪಾತಿ ಕಟ್ಟಿ ನೀರು ನಿಲ್ಲಿಸುವ ಅದೇ ಜನ ಸ್ಟಿಲ್ಟಿನ ನೆಲಕ್ಕೆ ಮರುದಿನವೇ ಟೈಲ್ಸಿನ ಪೆಟ್ಟಿಗೆ ಇಳಿಸುತ್ತಾರೆ.

ಇದೆಲ್ಲ ಪುಸ್ತಕದ ಮಾತು, ಮನೆ ಕಟ್ಟುವವರ ಕೈಯಲ್ಲಿ ಹಣ ಮುಗಿದಿರುವ ಹೊತ್ತಿನಲ್ಲಿ ನಡೆಯದು ಎಂಬುದು ಉಳಿದಿರುವ ಆಕ್ಷೇಪ. ನೆಲದ ಕೆಲಸ ಕೊನೆಗೆ ಬರುವುದೂ, ಆ ಹೊತ್ತಿಗೆ ಹಣವೂ ತಾಳ್ಮೆಯೂ ತೀರಿರುವುದೂ ನಿಜ. ಆದರೆ ಈ ಲೇಖನದಲ್ಲಿ ಹೇಳಿದ ಕ್ರಮಗಳಲ್ಲಿ ಹೆಚ್ಚಿನವು ಖರ್ಚನ್ನು ಏರಿಸುವಂಥವಲ್ಲ. ಪದರ ಪದರವಾಗಿ ಬಡಿಯುವುದು, ಹಾಳೆ ಹಾಸುವುದು, ನೀರನ್ನು ಅಳೆದು ಹಾಕುವುದು, ಗೀರು ಕೊಯ್ಯುವುದು, ವಾರ ಕಾಯುವುದು, ಇವೆಲ್ಲ ಸೇರಿದರೂ ಅನಗತ್ಯ ದಪ್ಪಕ್ಕೂ ಅನಂತರದ ಬಣ್ಣ, ರಾಸಾಯನಿಕಗಳಿಗೂ ಸುರಿಯುವ ಹಣದ ಎದುರು ಹಗುರ. ತಪ್ಪನ್ನು ಕೂಲಿಯವರ ತಲೆಗೆ ಕಟ್ಟುವುದಂತೂ ಅನ್ಯಾಯ: ಚದರಡಿಗೆ ಇಷ್ಟೆಂದು ದರ ಗೊತ್ತುಮಾಡಿ, ಒಂದೇ ದಿನದಲ್ಲಿ ಮುಗಿಸಲು ಅವಸರಪಡಿಸಿ, ಮಣ್ಣು ಬಡಿದ ದಿನಕ್ಕೆ ಕೂಲಿಯನ್ನೇ ಲೆಕ್ಕಹಾಕದ ಒಪ್ಪಂದದಲ್ಲಿ ಬಾಂಡ್ಲಿ ಹೊರುವವರು ಹೇಗೆ ತಾನೇ ತಳ ಗಟ್ಟಿಮಾಡಿಯಾರು? ಒಪ್ಪಂದದ ಕಾಗದದಲ್ಲಿ ಸಿಮೆಂಟಿನ ಬ್ರ್ಯಾಂಡು, ಗ್ರೇಡುಗಳಿಗೆ ಸಾಲು ಮೀಸಲಿಡುವವರು ಭರ್ತಿ ಮಣ್ಣಿನ ಪದರಕ್ಕೆ, ಪಾಲಿಥೀನ್ ಹಾಳೆಗೆ, ನೀರುಣಿಸುವ ದಿನಗಳಿಗೆ ಒಂದೊಂದು ಸಾಲು ಬರೆದು ಅದಕ್ಕೆ ತಕ್ಕ ಕೂಲಿ ಕೊಡಬೇಕು.

ಮನೆಯ ಯಜಮಾನರು ನೆಲದ ಕೆಲಸ ನೋಡಲು ಬರುವುದು ಸಾಮಾನ್ಯವಾಗಿ ಕಾಂಕ್ರೀಟು ಸುರಿಯುವ ದಿನ. ಆ ದಿನ ಮೂಟೆ ಎಣಿಸಿ, ಕಲಸು ನೋಡಿ ತೃಪ್ತರಾಗಿ ಹೋಗುತ್ತಾರೆ. ಅವರು ಬರಬೇಕಾದದ್ದು ಹಿಂದಿನ ದಿನ. ಅಂದು ಸಿಮೆಂಟಿನ ಒಂದು ಮೂಟೆಯೂ ಬಂದಿಳಿದಿರುವುದಿಲ್ಲ; ಬರಿಯ ಮಣ್ಣು, ಜಲ್ಲಿ, ಒಂದು ಹಾಳೆ ಕಾಣುತ್ತವೆ. ಕಂಬದ ಪಕ್ಕದ, ಕೊಳವೆಯ ಮೇಲಿನ, ಸಂಪಿನ ಅಂಚಿನ ಮಣ್ಣಿಗೆ ಒಂದು ಕಂಬಿಯನ್ನು ಕೈಯಿಂದ ಒತ್ತಿ ನೋಡಿದಾಗ ಅದು ಗೇಣುದ್ದ ಒಳಗಿಳಿದರೆ ಆ ನೆಲ ಆಗಲೇ ಸೋತಿದೆ. ಇಳಿಯದೆ ನಿಂತರೆ ಮಾತ್ರ ಮರುದಿನ ಸಿಮೆಂಟು ತರಿಸುವುದಕ್ಕೆ ಅರ್ಥವುಂಟು.